ಹೆಸರಿನಲ್ಲಿ ವಿಷ ಕಾಣದ ಗಿಡ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ, ಸಂಪಾದಕ ಮಂಡಳಿಯವರು ನನ್ನಿಂದ ಹಳಗನ್ನಡ ಕಾವ್ಯದ ಮೇಲೊಂದು ಬರಹವನ್ನು ನಿರೀಕ್ಷಿಸಿದ್ದರೆಂದು ತೋರುತ್ತದೆ. ಆದರೆ ಕಳೆದ ಮಳೆಗಾಲದುದ್ದಕ್ಕೂ ನನ್ನ ಮನಸ್ಸನ್ನು ಕೊರೆದದ್ದು ಕಾವ್ಯವಲ್ಲ. ನಮ್ಮ ಶಾಲೆಯ ಕೈತೋಟದ ಬೇಲಿಯಂಚಿನಲ್ಲಿ ಎದೆಯೆತ್ತರ ಬೆಳೆದು, ಮೈತುಂಬ ಬಿಳಿಯ ಹೂ ಹೊತ್ತು ನಿಂತ ಒಂದು ಗಿಡ. ಬೀದರದಿಂದ ಜನವಾಡದ ಮೇಲೆ ಔರಾದಿಗೆ ಹೋಗುವವರು ರಸ್ತೆಯ ಮಗ್ಗುಲಲ್ಲಿ ಅದನ್ನು ಕಾಣದೆ ಇರಲಾರರು.

ಹಲವು ನುಡಿಗಳು ಕೂಡಿ ಬಾಳುವ ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಹೆಸರುಗಳ ಬಡತನವಿಲ್ಲ. ಕನ್ನಡದವರು ಕಾಂಗ್ರೆಸ್ ಗಿಡವೆನ್ನುತ್ತಾರೆ. ಮರಾಠಿ ಮನೆಮಾತಿನವರಿಗೆ ಇದು ಗಾಜರ ಗವತ. ಎಲೆಯ ಸೀಳು ಗಜ್ಜರಿಯ ಎಲೆಯನ್ನು ಹೋಲುವುದರಿಂದ ಬಂದ ಹೆಸರು. ತೆಲುಗಿನವರು ಇದನ್ನು ವಯ್ಯಾರಿ ಭಾಮೆಯೆಂದು ಕರೆದಿದ್ದಾರೆ. ಶಾಸ್ತ್ರಜ್ಞರು ಇಟ್ಟ ಹೆಸರು ಪಾರ್ಥೇನಿಯಂ ಹಿಸ್ಟರೋಫೋರಸ್. ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧದಲ್ಲಿ ಇದನ್ನು ‘ಪಾರ್ಥನ ಗಿಡ’ವೆಂದು ಬರೆದಿದ್ದನು. ಅರ್ಜುನನಿಗೂ ಇದಕ್ಕೂ ಯಾವ ನಂಟೂ ಇಲ್ಲ. ಗ್ರೀಕ್ ಭಾಷೆಯಲ್ಲಿ ಕನ್ಯೆಯೆಂಬ ಅರ್ಥದ ಶಬ್ದ ಇದರ ಮೂಲ.

ಶಬ್ದಗಳ ನಡುವೆಯೇ ಆಯುಷ್ಯ ಕಳೆದ ನನಗೆ ಇಲ್ಲಿ ಒಂದು ಸಂಗತಿ ಹೊಳೆಯಿತು. ನಮ್ಮ ಹಿರಿಯರು ತಾವು ಬಲ್ಲ ವಿಷದ ಗಿಡಗಳಿಗೆ ಹೆಸರಿನಲ್ಲಿಯೇ ಕಾವಲಿಟ್ಟಿದ್ದರು. ಉನ್ಮತ್ತವೆಂಬ ಸಂಸ್ಕೃತ ಶಬ್ದವೇ ನಮ್ಮಲ್ಲಿ ಉಮ್ಮತ್ತಿಯಾಯಿತು. ಅದರ ಮತ್ತೊಂದು ಹೆಸರಾದ ಮದಗುಣಿಕೆಯಲ್ಲಿಯೂ ಮದವಿದೆ. ಪೂಜೆಗೆ ಸಲ್ಲುವ ಕಣಗಿಲೆಗೆ ಸಂಸ್ಕೃತದಲ್ಲಿ ಹಯಮಾರಕ, ಅಂದರೆ ಕುದುರೆಯನ್ನು ಕೊಲ್ಲುವುದು ಎಂಬ ಹೆಸರುಂಟು. ಅವು ಇಂದಿಗೂ ನಮ್ಮ ಅಂಗಳಗಳಲ್ಲಿವೆ. ಕೂಸುಗಳು ಬಾಯಿಗೆ ಹಾಕದಂತೆ ಅಜ್ಜಿಯರು ಕಾಯುತ್ತಾರೆ. ಪಾರ್ಥೇನಿಯಮ್ಮಿಗಾದರೋ ಅಂತಹ ಹೆಸರಿಲ್ಲ. ಒಬ್ಬರಿಗೆ ಗಜ್ಜರಿ, ಒಬ್ಬರಿಗೆ ಭಾಮೆ, ಮತ್ತೊಬ್ಬರಿಗೆ ನಗೆಯ ಮಾತು. ಹೆಸರಿನಲ್ಲಿ ಭಯವಿಲ್ಲದ್ದರಿಂದ ಕೈಯಲ್ಲಿಯೂ ಭಯವಿಲ್ಲ. ಇದು ಅಮೆರಿಕ ಖಂಡದಿಂದ ಬಂದುದು. 1955-56ರ ಸುಮಾರಿಗೆ ಪುಣೆಯಲ್ಲಿ ಗುರುತಿಸಲ್ಪಟ್ಟು, ಮುಂದೆ ದೇಶವನ್ನೆಲ್ಲ ವ್ಯಾಪಿಸಿತು. ಆಮದು ಗೋಧಿಯ ಜೊತೆಗೆ ಬಂದಿತೆಂಬ ಮಾತು ರೂಢಿಯಲ್ಲಿದೆ. ಕರ್ನಾಟಕ ಸರ್ಕಾರವು 1975ರಲ್ಲಿ ಇದನ್ನು ಉಪದ್ರವಕಾರಿ ಕಳೆಯೆಂದು ಘೋಷಿಸಿತು. ಗಿಡವು ರಾಜಪತ್ರವನ್ನು ಓದುವುದಿಲ್ಲ.

ನಾನು ಹೇಳಹೊರಟ ವಿಷಯಕ್ಕೆ ನನ್ನದೇ ತಪ್ಪೊಂದು ಆಧಾರವಾಗಿದೆ. ಇಪ್ಪತ್ತು ವರ್ಷಗಳ ಹಿಂದೆ ನಾನು ಬೇರೊಂದು ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ವಾರ್ಷಿಕೋತ್ಸವದ ಮುನ್ನ ಆವರಣವನ್ನು ಶುಚಿಗೊಳಿಸುವ ಹೊಣೆ ನನ್ನದು. ಎಂಟು, ಒಂಬತ್ತನೆಯ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹೂವೇರಿದ ಈ ಗಿಡಗಳನ್ನು ಬರಿಗೈಯಿಂದ ಕೀಳಿಸುತ್ತಿದ್ದೆ. ತಡವಾಗಿ ಬಂದವರಿಗೆ ಅದೇ ಶಿಕ್ಷೆ. ಅವರ ಮುಂದೆ ನಿಂತು ಕೀಳುತ್ತಿದ್ದವರು ಅಲ್ಲಿಯ ಜವಾನರು. ಮೂರು ನಾಲ್ಕು ವರ್ಷ ಅವರಿಗೆ ಏನೂ ಆಗಲಿಲ್ಲ. ಬಳಿಕ ಒಂದು ಮಳೆಗಾಲದಲ್ಲಿ ಅವರ ರೆಪ್ಪೆಗಳು ಊದಿಕೊಂಡವು. ಕುತ್ತಿಗೆ, ಮೊಳಕೈಯ ಮಡಿಕೆಗಳಲ್ಲಿ ಚರ್ಮ ಕಪ್ಪಾಗಿ ದಡ್ಡುಗಟ್ಟಿತು. “ಗುರುಗಳೇ, ಬಿಸಿಲಿಗಿ ಹೋದರ ಮಾರಿ ಎಲ್ಲ ಉರೀತದ್ರಿ” ಎಂದು ಅವರು ಹೇಳಿದಾಗ ಉಷ್ಣವೆಂದು ತಿಳಿದು ಮಜ್ಜಿಗೆ ಕುಡಿಯಲು ಹೇಳಿದೆ. ಕಾರಣವನ್ನು ಹೇಳಿದವರು ಚರ್ಮವೈದ್ಯರು. ಆಮೇಲೆ ಆ ಮನುಷ್ಯರು ಗಿಡವನ್ನು ಮುಟ್ಟಲೇ ಇಲ್ಲ. ಆದರೂ ಅದು ಹೂಬಿಟ್ಟ ಕಾಲದಲ್ಲಿ ಗಾಳಿಯೇ ಅವರಿಗೆ ಸಾಕಾಗುತ್ತಿತ್ತು.

ಈ ಗಿಡದ ಮೋಸವಿರುವುದು ಇಲ್ಲಿಯೇ. ಎಲೆ, ಕಾಂಡ, ಹೂಗಳ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಪಾರ್ಥೆನಿನ್ ಎಂಬ ದ್ರವ್ಯವಿದೆ. ಮೊದಲ ದಿನ ಮುಟ್ಟಿದವನಿಗೆ ಸಾಮಾನ್ಯವಾಗಿ ಏನೂ ಆಗದು. ಮತ್ತೆ ಮತ್ತೆ ಸೋಂಕಿದಾಗ ಕೆಲವರ ದೇಹವು ಅದಕ್ಕೆ ಮುನಿಯುತ್ತದೆ. ಒಮ್ಮೆ ಮುನಿದರೆ ಆ ಮುನಿಸು ಸುಲಭಕ್ಕೆ ಹೋಗದು. ಪರಾಗವು ಕೆಲವರಲ್ಲಿ ಸೀನು, ಉಬ್ಬಸಗಳನ್ನು ಎಬ್ಬಿಸುತ್ತದೆ. ಮೇವಿನೊಡನೆ ತಿಂದ ದನಗಳ ಹಾಲು ಕಹಿಯಾಗುತ್ತದೆ. ಆದ್ದರಿಂದ “ಮಕ್ಕಳು ಕಿತ್ತರು, ಏನೂ ಆಗಲಿಲ್ಲವಲ್ಲ” ಎಂಬ ಸಮಾಧಾನ ಸಲ್ಲದು.

ಶ್ರಮದಾನವು ನಮ್ಮ ಸಂಪ್ರದಾಯ, ಕಾಯಕವನ್ನು ಕಲಿಸದ ಶಾಲೆ ಶಾಲೆಯಲ್ಲವೆಂದು ಹಿರಿಯರು ಆಕ್ಷೇಪಿಸಬಹುದು. ಕಾಯಕವಿರಲಿ. ಮಕ್ಕಳು ಪಾತಿ ಮಾಡಲಿ, ಸಸಿ ನೆಡಲಿ, ನೀರುಣಿಸಲಿ. ಈ ಒಂದು ಗಿಡವನ್ನು ಕೀಳುವ ಕೆಲಸ ಅವರದಾಗಬಾರದು; ಶಿಕ್ಷೆಯಾಗಿಯಂತೂ ಎಂದಿಗೂ ಆಗಬಾರದು. ಅದು ಕೈಗವಸು ತೊಟ್ಟ ದೊಡ್ಡವರ ಕೆಲಸ.

ಗುರುತಿಸುವುದು ಕಷ್ಟವಲ್ಲ. ಎಳೆಯದರಲ್ಲಿ ಎಲೆಗಳು ನೆಲಕ್ಕೆ ಅಂಟಿಕೊಂಡು ವೃತ್ತಾಕಾರವಾಗಿ ಹರಡಿರುತ್ತವೆ. ಬಳಿಕ ಉದ್ದುದ್ದ ಗೆರೆಗಳುಳ್ಳ ಕಾಂಡ ಮೇಲೇಳುತ್ತದೆ. ತುದಿಯ ಹೂಗಳು ಜೋಳದ ಕಾಳಿಗಿಂತ ಹೆಚ್ಚು ದೊಡ್ಡವಲ್ಲ. ಬಿಳುಪು, ಐದು ಮೂಲೆ. ಎಳೆಯ ಚೆಂಡುಹೂವಿನ ಸಸಿಯನ್ನು ಇದೆಂದು ಭ್ರಮಿಸಿ ಕಿತ್ತವರುಂಟು. ಚೆಂಡುಹೂವಿನ ಎಲೆಯ ಅಂಚು ಗರಗಸದಂತಿದ್ದು, ಅದರ ವಾಸನೆ ದೂರದಿಂದಲೇ ಗೊತ್ತಾಗುತ್ತದೆ.

ಕೀಳುವ ಕಾಲವೇ ಮುಖ್ಯ. ಮೊಳೆತ ಒಂದು ತಿಂಗಳೊಳಗೆ ಇದು ಹೂಬಿಡಬಲ್ಲದು. ಚೆನ್ನಾಗಿ ಬೆಳೆದ ಒಂದೇ ಗಿಡ ಹದಿನೈದು ಸಾವಿರಕ್ಕೂ ಮಿಕ್ಕಿ ಬೀಜಗಳನ್ನು ಉದುರಿಸುತ್ತದೆ. ವಾರ್ಷಿಕೋತ್ಸವದ ಮುಂಚಿನ ನಮ್ಮ ಸ್ವಚ್ಛತೆ ನಡೆಯುವುದು ಬೀಜ ಮಾಗಿದ ಮೇಲೆ. ಅದು ಕಳೆ ಕೀಳುವುದಲ್ಲ, ಬಿತ್ತನೆ. ಮೃಗಶಿರೆಯ ಮಳೆ ಬಿದ್ದು ನೆಲ ಮೆತ್ತಗಾದಾಗ, ಹೂವಿಗೆ ಮುನ್ನ, ಖುರ್ಪಿಯಿಂದ ಬೇರುಸಹಿತ ಎತ್ತಬೇಕು. ಮೇಲೆ ಮೇಲೆ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ತುಂಬುತೋಳಿನ ಅಂಗಿ, ಕೈಗವಸು, ಮೂಗು ಬಾಯಿಗೆ ಬಟ್ಟೆ ಇರಲೇಬೇಕು. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈಮುಖ ತೊಳೆದು, ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಹೂವಾಗದ ಗಿಡ ಗೊಬ್ಬರದ ಗುಂಡಿಗೆ ಸಲ್ಲುತ್ತದೆ. ಹೂವೇರಿದ್ದನ್ನು ಚೀಲದಲ್ಲಿ ಕಟ್ಟಿ ಆಳವಾಗಿ ಹೂಳಬೇಕು. ಶಾಲೆಯ ಬಳಿ ಸುಡುವುದು ಬೇಡ. ಉಪ್ಪುನೀರು ಸಿಂಪಡಿಸುವ ಉಪಾಯ ರಸ್ತೆಯಂಚಿಗೆ ಸರಿ. ಕೈತೋಟದಲ್ಲಿ ಅದು ಮಣ್ಣನ್ನೇ ಕೆಡಿಸುತ್ತದೆ. ಕೈತೊಳೆಯುವ ನಲ್ಲಿಯ ಬದಿಯಲ್ಲಿ ಇದು ಬೇಸಿಗೆಯಲ್ಲಿಯೂ ಮೊಳೆಯುವುದರಿಂದ ಅಲ್ಲಿ ತಿಂಗಳಿಗೊಮ್ಮೆ ಕಣ್ಣಾಡಿಸಬೇಕು.

ಮಳೆಗಾಲದಲ್ಲಿ ಇದರ ಎಲೆ ತಿನ್ನುವ, ತಿಳಿಬಣ್ಣದ ಬೆನ್ನಿನ ಮೇಲೆ ಕಂದು ಪಟ್ಟೆಗಳಿರುವ ಸಣ್ಣ ದುಂಬಿ ಕಂಡರೆ ಕೊಲ್ಲಬೇಡಿರಿ. ಅದನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದೇ ಈ ಕೆಲಸಕ್ಕೆ. ಬೇಲಿಯಾಚೆ ಅದು ಹತ್ತಿದ ಗಿಡಗಳನ್ನು ಅದಕ್ಕೇ ಬಿಟ್ಟುಬಿಡುವುದು ಲೇಸು. ತೆರವಾದ ನೆಲವನ್ನು ಮಾತ್ರ ಬರಿದಾಗಿ ಬಿಡಬಾರದು. ಚೆಂಡುಹೂವನ್ನೋ ತಗಚೆಯನ್ನೋ ಒತ್ತಾಗಿ ಬಿತ್ತಿದರೆ ಪಾರ್ಥೇನಿಯಮ್ಮಿಗೆ ಎಡೆ ಕಡಿಮೆಯಾಗುತ್ತದೆ.

ಮಹಾದಾನಿಗಳಲ್ಲಿ ನನ್ನ ವಿಜ್ಞಾಪನೆಯೊಂದಿದೆ. ಶಾಲೆಗೆ ಕಮಾನು ಕಟ್ಟಿಸಲು, ಶಿಲಾಫಲಕ ಇಡಿಸಲು ತಮ್ಮಲ್ಲಿ ಸ್ಪರ್ಧೆಯೇ ಇದೆ. ಒಂದು ಫಲಕದ ವೆಚ್ಚದಲ್ಲಿ ಹನ್ನೆರಡು ಜೊತೆ ರಬ್ಬರಿನ ಕೈಗವಸು, ಹತ್ತು ಖುರ್ಪಿ, ಮಳೆಗಾಲದಲ್ಲಿ ನಾಲ್ಕು ದಿನದ ಕೂಲಿ ಹೊಂದುತ್ತದೆ. ಯಾರ ಹೆಸರನ್ನೂ ಅವುಗಳ ಮೇಲೆ ಕೆತ್ತಲಾಗದು, ಆದರೂ ಕೇಳುತ್ತಿದ್ದೇನೆ.

ಹಳೆಯ ವಿದ್ಯಾರ್ಥಿಗಳಲ್ಲಿ ಬಿಡುವಿದ್ದವರು ಬರುವ ಮೃಗಶಿರೆಯ ಮೊದಲ ಮಳೆಯಾದ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಕೈತೋಟಕ್ಕೆ ಬರಬೇಕು; ನಾನೂ ಇರುತ್ತೇನೆ. ತುರಿಕೆ, ಉಬ್ಬಸ ಇದ್ದವರು ದಯವಿಟ್ಟು ಬೇಲಿಯೊಳಗೆ ಬರಬಾರದು. ಚೆಂಡುಹೂವಿನ ಬೀಜ ತಂದುಕೊಡುವ ಕೆಲಸವನ್ನು ಅವರಿಗೆ ಮೀಸಲಿಟ್ಟಿದ್ದೇನೆ.