ಗಟ್ಟಿ ಗುದ್ದು ಯಾರದು? ತಿಂದವರನ್ನು ಕೇಳಿ

ಬಾಕ್ಸಿಂಗ್ ಅಭಿಮಾನಿಗಳ ನಡುವಿನ ಒಂದು ಜಗಳ ಇನ್ನೂ ತೀರಿಲ್ಲ, ತೀರುವ ಲಕ್ಷಣವೂ ಇಲ್ಲ. ಇತಿಹಾಸದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಗುದ್ದಿದವನು ಯಾರು? ಒಬ್ಬರು ಟೈಸನ್ ಎನ್ನುತ್ತಾರೆ, ಇನ್ನೊಬ್ಬರು ಫೋರ್ಮನ್ ಎನ್ನುತ್ತಾರೆ. ಹಳಬರು ಜೋ ಲೂಯಿಸ್‌ನ ಹೆಸರೆತ್ತಿ ಎಲ್ಲರ ಬಾಯಿ ಮುಚ್ಚಿಸಲು ನೋಡುತ್ತಾರೆ, ಹೊಸಬರು ಡಿಯೊಂಟೆ ವೈಲ್ಡರ್‌ನನ್ನು ಎಳೆದು ತರುತ್ತಾರೆ. ಎಲ್ಲರ ಕೈಯಲ್ಲೂ ಒಂದೊಂದು ಅಂಕಿಪಟ್ಟಿ. ಇಷ್ಟು ಗೆಲುವು, ಅದರಲ್ಲಿ ಇಷ್ಟು ನಾಕೌಟ್. ಥೇಟ್ ಕಿರಾಣಿ ಅಂಗಡಿಯ ಖಾತೆ ಪುಸ್ತಕ. ನಮ್ಮ ತಕರಾರು ಈ ಪುಸ್ತಕದ ಮೇಲೆಯೇ.

ಮೊದಲು ಅಂಕಿಗಳನ್ನೇ ನೋಡೋಣ. ಫೋರ್ಮನ್ 76 ಗೆಲುವುಗಳಲ್ಲಿ 68 ಮಂದಿಯನ್ನು ನಾಕೌಟ್ ಮಾಡಿದ. ರಾಕಿ ಮಾರ್ಸಿಯಾನೊ 49ರಲ್ಲಿ 43. ವೈಲ್ಡರ್ 2020ರ ಆರಂಭದ ಹೊತ್ತಿಗೆ 42 ಗೆಲುವುಗಳಲ್ಲಿ 41! ಲೆಕ್ಕವೇ ಕೊನೆಯ ಮಾತಾದರೆ ಚರ್ಚೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಲೂಯಿಸ್‌ಗಿಂತ ವೈಲ್ಡರ್ ಮೇಲು ಎಂದು ಎಷ್ಟು ಜನ ಒಪ್ಪುತ್ತಾರೆ? ಬೆಳೆಯುತ್ತಿರುವ ಹುಡುಗನ ಮುಂದೆ ಬೀಳುವುದಕ್ಕೆಂದೇ ಹುಡುಕಿ ತಂದವರನ್ನು ನಿಲ್ಲಿಸುವುದು ಈ ವ್ಯಾಪಾರದ ಹಳೆಯ ರೂಢಿ. ಪಟ್ಟಿಯಲ್ಲಿ ಬಿದ್ದವರ ಸಂಖ್ಯೆ ಇರುತ್ತದೆಯೇ ಹೊರತು ಬಿದ್ದವರು ಎಂಥವರು ಎಂಬುದು ಇರುವುದಿಲ್ಲ. ಇದೇ ವೈಲ್ಡರ್ 2018ರಲ್ಲಿ ಹನ್ನೆರಡನೆಯ ಸುತ್ತಿನಲ್ಲಿ ಟೈಸನ್ ಫ್ಯೂರಿಯನ್ನು ಅಂಗಾತ ಕೆಡವಿದ. ಫ್ಯೂರಿ ಎದ್ದು ನಿಂತ. ಎದ್ದವನು ಸುಮ್ಮನಿರಲಿಲ್ಲ, 2020ರಲ್ಲೂ 2021ರಲ್ಲೂ ವೈಲ್ಡರ್‌ನನ್ನೇ ಮುಗಿಸಿದ.

ವಿಜ್ಞಾನ ತೀರ್ಪು ಕೊಡಬಹುದೇ? 1985ರಲ್ಲಿ ಇಂಗ್ಲೆಂಡಿನ ಸಂಶೋಧಕರು ಫ್ರಾಂಕ್ ಬ್ರೂನೊನ ಗುದ್ದನ್ನು ಅಳೆದರು. ಆರು ಕಿಲೋ ತೂಕದ, ಮೆತ್ತೆ ಸುತ್ತಿದ ಮರದ ಕೊಡತಿಯನ್ನು ಗಂಟೆಗೆ ಇಪ್ಪತ್ತು ಮೈಲಿ ವೇಗದಲ್ಲಿ ಬೀಸಿದಷ್ಟು ಪೆಟ್ಟು ಅದು. ಓದುವಾಗಲೇ ನಮ್ಮ ಕೈ ತಂತಾನೇ ದವಡೆಗೆ ಹೋಯಿತು. ಆದರೂ ಬ್ರೂನೊನನ್ನು ಯಾರೂ ಪಟ್ಟಿಯ ತುದಿಗೆ ಏರಿಸುವುದಿಲ್ಲ. ಮನುಷ್ಯ ಬೀಳುವುದು ಪೆಟ್ಟಿನ ತೂಕದಿಂದಷ್ಟೇ ಅಲ್ಲ. ಗದ್ದಕ್ಕೆ ಪೆಟ್ಟು ಬಿದ್ದಾಗ ತಲೆ ಗಕ್ಕನೆ ತಿರುಗುತ್ತದೆ, ಒಳಗಿನ ಮೆದುಳು ಆ ವೇಗಕ್ಕೆ ಹೊಂದಿಕೊಳ್ಳಲಾರದೆ ಹಿಂದುಳಿದು ತಿರುಚಿಕೊಳ್ಳುತ್ತದೆ. ಬರುತ್ತಿರುವ ಗುದ್ದು ಕಂಡರೆ ಕತ್ತು ಬಿಗಿಯಾಗುತ್ತದೆ, ಕಾಣದಿದ್ದರೆ ದೀಪ ಆರಿದಂತೆ. ಆದ್ದರಿಂದಲೇ ವೇಲ್ಸ್‌ನ ಕಲ್ಲಿದ್ದಲು ಗಣಿಯಿಂದ ಬಂದ ಜಿಮ್ಮಿ ವೈಲ್ಡ್, ಸುಮಾರು 45 ಕಿಲೋ ತೂಗುತ್ತಿದ್ದ ನರಪೇತಲ, ತನಗಿಂತ ಎಷ್ಟೋ ದಪ್ಪನೆಯವರನ್ನು ಉರುಳಿಸಿದ, 1916ರಲ್ಲಿ ವಿಶ್ವ ಚಾಂಪಿಯನ್ನೂ ಆದ. ಬರೀ ದೈತ್ಯರ ಹೆಸರು ಹೇಳುವವರು ಈ ಸಣ್ಣಾಳಿಗೆ ಎಲ್ಲಿ ಜಾಗ ಕೊಡುತ್ತಾರೆ?

ಅಮೆರಿಕದ 'ದಿ ರಿಂಗ್' ಪತ್ರಿಕೆ ಕೊಟ್ಟಿತು ಎನ್ನೋಣ. 2003ರಲ್ಲಿ ಅದು ನೂರು ಮಂದಿ ಗುದ್ದುಗಾರರ ಪಟ್ಟಿ ಮಾಡಿತು. ಲೂಯಿಸ್ ಮೊದಲನೆಯವನು, ಸ್ಯಾಮ್ ಲ್ಯಾಂಗ್‌ಫರ್ಡ್ ಎರಡನೆಯವನು, ವೈಲ್ಡ್ ಮೂರನೆಯವನು. ಎರಡನೆಯ ಹೆಸರಿನ ಬಳಿ ಸ್ವಲ್ಪ ನಿಲ್ಲಬೇಕು. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಹುಟ್ಟಿದ ಈ ಕಪ್ಪು ಮನುಷ್ಯನಿಗೆ ಹೆವಿವೇಯ್ಟ್ ಕಿರೀಟಕ್ಕಾಗಿ ಹೋರಾಡಲು ಒಂದೇ ಒಂದು ಅವಕಾಶ ಸಿಗಲಿಲ್ಲ. ಬಿಳಿಯರು ಬಣ್ಣದ ಗೆರೆ ಎಳೆದರು, ಅದು ತಿಳಿದದ್ದೇ. 1908ರಲ್ಲಿ ಆ ಗೆರೆ ದಾಟಿ ಚಾಂಪಿಯನ್ ಆದ ಕಪ್ಪು ಜಾಕ್ ಜಾನ್ಸನ್ ಕೂಡ, 1906ರಲ್ಲಿ ಒಮ್ಮೆ ಲ್ಯಾಂಗ್‌ಫರ್ಡ್‌ನನ್ನು ಸೋಲಿಸಿದ್ದವನು, ಕಿರೀಟ ಸಿಕ್ಕ ಮೇಲೆ ಅವನ ಕಡೆ ತಿರುಗಿ ನೋಡಲಿಲ್ಲ. 1915ರಲ್ಲಿ ಜಾನ್ಸನ್ ಸೋತ ಮೇಲೆ 1937ರಲ್ಲಿ ಲೂಯಿಸ್ ಬರುವವರೆಗೆ, ಇಪ್ಪತ್ತೆರಡು ವರ್ಷ, ಯಾವ ಕಪ್ಪು ಬಾಕ್ಸರನಿಗೂ ಆ ಬಾಗಿಲು ತೆರೆಯಲಿಲ್ಲ. ಎರಡೂ ಕಣ್ಣು ಕಳೆದುಕೊಂಡ ಲ್ಯಾಂಗ್‌ಫರ್ಡ್‌ನನ್ನು 1944ರಲ್ಲಿ ಒಬ್ಬ ಪತ್ರಕರ್ತ ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಕೋಣೆಯಲ್ಲಿ ಪತ್ತೆ ಹಚ್ಚಿದ, ಬರಿಗೈಯಲ್ಲಿದ್ದ ಅವನಿಗಾಗಿ ಚಂದಾ ಎತ್ತಲಾಯಿತು. ಬದುಕಿದ್ದಾಗ ರಿಂಗಿನಿಂದ ದೂರವಿಟ್ಟು, ಸತ್ತ ಮೇಲೆ ಎರಡನೆಯ ಸ್ಥಾನ ಕೊಡುವುದು! ಈ ಔದಾರ್ಯಕ್ಕೆ ನಾವು ಚಪ್ಪಾಳೆ ತಟ್ಟಲಾರೆವು.

ಹಾಗಾದರೆ ನಿಮ್ಮ ಉತ್ತರ ಏನು ಎಂದು ಕೇಳುವಿರಿ. ಪಟ್ಟಿ ಬಿಡಿ, ಸಾಕ್ಷಿಗಳನ್ನು ಕರೆಯಿರಿ. ಲ್ಯಾರಿ ಹೋಮ್ಸ್ ಟೈಸನ್‌ನ ಗುದ್ದನ್ನೂ ತಿಂದವನು, ಅರ್ನಿ ಶೇವರ್ಸ್‌ನ ಗುದ್ದನ್ನೂ ತಿಂದವನು. 1988ರಲ್ಲಿ ಟೈಸನ್ ಅವನನ್ನು ನಾಲ್ಕನೆಯ ಸುತ್ತಿನಲ್ಲಿ ಮುಗಿಸಿದ. 1979ರಲ್ಲಿ ಶೇವರ್ಸ್ ಅವನನ್ನು ಏಳನೆಯ ಸುತ್ತಿನಲ್ಲಿ ಕೆಡವಿದ, ಆದರೆ ಹೋಮ್ಸ್ ಎದ್ದು ಹನ್ನೊಂದನೆಯ ಸುತ್ತಿನಲ್ಲಿ ಗೆದ್ದ. ಅಂದರೆ ಟೈಸನ್ ಎದುರು ಸೋತಿದ್ದಾನೆ, ಶೇವರ್ಸ್ ಎದುರು ಗೆದ್ದಿದ್ದಾನೆ. ಹಾಗಿದ್ದೂ ಗಟ್ಟಿ ಗುದ್ದು ಯಾರದೆಂದು ಕೇಳಿದಾಗಲೆಲ್ಲ ಹೋಮ್ಸ್ ಹೇಳಿದ ಹೆಸರು ಶೇವರ್ಸ್. ಲಿಸ್ಟನ್, ಫ್ರೇಜಿಯರ್, ಫೋರ್ಮನ್ ಎಲ್ಲರ ಕೈ ನೋಡಿದ್ದ ಮುಹಮ್ಮದ್ ಅಲಿ ಹೇಳಿದ್ದೂ ಅದೇ ಹೆಸರು. ಶೇವರ್ಸ್ ಒಮ್ಮೆಯೂ ಚಾಂಪಿಯನ್ ಆಗಲಿಲ್ಲ, 'ದಿ ರಿಂಗ್' ಪಟ್ಟಿಯಲ್ಲಿ ಅವನಿಗೆ ಸಿಕ್ಕಿದ್ದು ಹತ್ತನೆಯ ಸ್ಥಾನ. ನಮ್ಮ ಮತ ಶೇವರ್ಸ್‌ಗೆ.

ಆದರೆ ಮತ ಹಾಕಿ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ಯಾಕೆಂದರೆ ಅಲಿ ಈ ಸಾಕ್ಷ್ಯ ಸಂಪಾದಿಸಿದ್ದು 1977ರ ಸೆಪ್ಟೆಂಬರ್ 29ರ ರಾತ್ರಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ. ಎರಡನೆಯ ಸುತ್ತಿನಲ್ಲಿ ಶೇವರ್ಸ್‌ನ ಬಲಗೈ ಬಿತ್ತು. ಅಲಿಯ ಕಾಲು ನಡುಗಿತು. ಮೋಸಗಾರ ಅಲಿ ಕಣ್ಣರಳಿಸಿ ತಮಾಷೆ ಮಾಡಿದ. ನಟನೆಯೇ ಇರಬೇಕೆಂದು ಶೇವರ್ಸ್ ಹಿಂಜರಿದ. ಹೀಗೆ ಉಳಿದುಕೊಂಡ ಅಲಿ ಹದಿನೈದು ಸುತ್ತು ನಿಂತು ಅಂಕಗಳ ಮೇಲೆ ಗೆದ್ದ. ನಮ್ಮ ಜನ ಇದನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಾರೆ! ಅಲಿಯ ಚಿತ್ರವನ್ನು ಗೋಡೆಗೆ ಹಾಕಿಕೊಂಡ ಮನೆಗಳನ್ನು ನಾವು ಬಲ್ಲೆವು. ಅಲ್ಲಿ ಕುಳಿತು ಈ ಪಂದ್ಯದ ಕತೆ ಹೇಳುವವರು ಕೊನೆಯ ಗಂಟೆ ಬಾರಿಸಿದಲ್ಲಿಗೆ ನಿಲ್ಲಿಸಿಬಿಡುತ್ತಾರೆ.

ಮುಂದಿನದ್ದು ಕೇಳಿ. ಅಲಿಯ ವೈದ್ಯ ಫರ್ಡಿ ಪಚೆಕೊಗೆ ಪ್ರಯೋಗಾಲಯದ ವರದಿ ಬಂತು. ಮೂತ್ರಪಿಂಡಗಳು ಕೆಡುತ್ತಿವೆ ಎಂದಿತ್ತು. ಅವನು ಪ್ರತಿಗಳನ್ನು ಅಲಿಗೆ, ಅಲಿಯ ಹೆಂಡತಿಗೆ, ಮ್ಯಾನೇಜರಿಗೆ ಕಳಿಸಿದ. ಯಾರಿಂದಲೂ ಉತ್ತರವಿಲ್ಲ. ಪಚೆಕೊ ಅಲಿಯ ಬಳಗ ಬಿಟ್ಟು ಹೊರಟ. ಗಾರ್ಡನ್‌ನಲ್ಲಿ ಪಂದ್ಯ ಗೊತ್ತುಮಾಡುತ್ತಿದ್ದ ಟೆಡ್ಡಿ ಬ್ರೆನ್ನರ್, ಇನ್ನು ಇಲ್ಲಿ ಅಲಿಯ ಪಂದ್ಯ ಇಡುವುದಿಲ್ಲ ಎಂದ. ಪಂದ್ಯಗಳು ಬೇರೆ ಊರುಗಳಿಗೆ ಹೋದವು, ಅಷ್ಟೇ. 1978ರಲ್ಲಿ ಸ್ಪಿಂಕ್ಸ್ ಜೊತೆ ಎರಡು ಸಲ, 1980ರಲ್ಲಿ ಇದೇ ಹೋಮ್ಸ್ ಜೊತೆ, 1981ರಲ್ಲಿ ಬಹಾಮಾಸ್‌ನಲ್ಲಿ ಬರ್ಬಿಕ್ ಜೊತೆ. 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಪತ್ತೆಯಾದವು. ಜಗತ್ತಿನಲ್ಲೇ ಹೆಚ್ಚು ಮಾತಾಡಿದ ಬಾಕ್ಸರ್ 2016ರಲ್ಲಿ ಸಾಯುವ ಎಷ್ಟೋ ವರ್ಷ ಮೊದಲೇ ಮೌನಕ್ಕೆ ಸರಿದಿದ್ದ. ಗುದ್ದುಗಳೇ ಇದಕ್ಕೆ ಕಾರಣವೆಂದು ಎಲ್ಲ ವೈದ್ಯರೂ ಒಪ್ಪುವುದಿಲ್ಲ, ನಿಜ. ಆದರೆ ತಲೆಗೆ ಗುದ್ದು ತಿಂದು ತಿಂದು ತೂರಾಡುವ, ತೊದಲುವ ಬಾಕ್ಸರುಗಳ ಬಗ್ಗೆ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು 1928ರಲ್ಲಿ. ಆಗ ಅಲಿ ಹುಟ್ಟಿಯೇ ಇರಲಿಲ್ಲ. ಗೊತ್ತಿರಲಿಲ್ಲ ಎನ್ನುವ ನೆವ ಯಾರಿಗೂ ಉಳಿದಿಲ್ಲ.

ಅವರವರೇ ಇಷ್ಟಪಟ್ಟು ರಿಂಗಿಗೆ ಇಳಿದವರು, ದುಡ್ಡು ತಗೊಂಡವರು ಎಂಬ ವಾದ ಇದೆ. ಪಟ್ಟಿಯ ಮೊದಲನೆಯವನನ್ನೇ ನೋಡಿ. 1942ರಲ್ಲಿ ಲೂಯಿಸ್ ಎರಡು ಪಂದ್ಯಗಳ ತನ್ನ ಹಣವನ್ನು ನೌಕಾದಳ ಮತ್ತು ಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟ. ತೆರಿಗೆ ಇಲಾಖೆ ಆ ಹಣವನ್ನೂ ಅವನ ಆದಾಯವೆಂದೇ ಎಣಿಸಿತು. ಸಾಲ ಬೆಳೆಯಿತು. ನಿವೃತ್ತನಾಗಿದ್ದವನು ಮತ್ತೆ ಕೈಗವಸು ತೊಟ್ಟ. 1951ರಲ್ಲಿ, ಮೂವತ್ತೇಳರ ಪ್ರಾಯದಲ್ಲಿ, ಮಾರ್ಸಿಯಾನೊ ಅವನನ್ನು ಹಗ್ಗಗಳಾಚೆಗೆ ಬೀಳಿಸಿದ. ಮಾರ್ಸಿಯಾನೊನ 43ರಲ್ಲಿ ಅದೂ ಒಂದು. ಸಾಲಗಾರನ ಇಷ್ಟ ಎಂಥ ಇಷ್ಟವೆಂದು ಸಾಲ ಮಾಡಿದವರಿಗೆ ಹೇಳಿಕೊಡಬೇಕಾಗಿಲ್ಲ.

ಹೊಡೆದವನು ಮರೆತಾನು, ಹೊಡೆಸಿಕೊಂಡವನು ಮರೆಯಲಾರ ಎನ್ನುತ್ತೇವೆ ನಾವು. ಬಾಕ್ಸಿಂಗ್‌ನಲ್ಲಿ ಈ ಮಾತೂ ನಡೆಯುವುದಿಲ್ಲ. ಅಮೆರಿಕದ ಜೆರಾಲ್ಡ್ ಮೆಕ್ಲೆಲನ್ 31 ಗೆಲುವುಗಳಲ್ಲಿ 29 ನಾಕೌಟ್ ಮಾಡಿದವನು, ಈ ಲೆಕ್ಕದಲ್ಲಿ ಫೋರ್ಮನ್‌ಗಿಂತ ಮೇಲು. 1995ರ ಫೆಬ್ರವರಿ 25ರಂದು ಲಂಡನ್ನಿನಲ್ಲಿ ಮೊದಲ ಸುತ್ತಿನಲ್ಲೇ ನೈಜಲ್ ಬೆನ್‌ನನ್ನು ಹಗ್ಗಗಳಾಚೆಗೆ ಎಸೆದ. ಬೆನ್ ಮರಳಿ ಬಂದ. ಸುತ್ತು ಸುತ್ತಿಗೂ ಮೆಕ್ಲೆಲನ್ ಕಣ್ಣು ಪಿಳುಕಿಸತೊಡಗಿದ. ಹತ್ತನೆಯ ಸುತ್ತಿನಲ್ಲಿ ತಾನಾಗಿ ಮಂಡಿಯೂರಿ, ಎಣಿಕೆ ಮುಗಿಯುವವರೆಗೆ ಹಾಗೇ ಇದ್ದ. ಹೇಡಿ, ಬಿಟ್ಟುಕೊಟ್ಟ ಎಂದವರೂ ಇದ್ದರು. ಕೆಲವೇ ನಿಮಿಷಗಳಲ್ಲಿ ಅವನು ತನ್ನ ಮೂಲೆಯಲ್ಲಿ ಕುಸಿದ. ಮೆದುಳಿನಲ್ಲಿ ಹೆಪ್ಪುಗಟ್ಟಿದ್ದ ರಕ್ತವನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಜೀವ ಉಳಿಯಿತು. ಕಣ್ಣು ಹೋಯಿತು, ಕಿವಿ ಬಹುಪಾಲು ಹೋಯಿತು, ಹೊಸ ನೆನಪು ನಿಲ್ಲದಾಯಿತು. ಊರಿಗೆ ಮರಳಿದ ಅವನನ್ನು ವರ್ಷಗಟ್ಟಲೆ ನೋಡಿಕೊಂಡವರು ಒಡಹುಟ್ಟಿದ ಹೆಣ್ಣುಮಕ್ಕಳು. 2007ರಲ್ಲಿ ಬೆನ್ ಅವನಿಗಾಗಿ ಲಂಡನ್ನಿನಲ್ಲಿ ಹಣ ಕೂಡಿಸುವ ಕಾರ್ಯಕ್ರಮ ನಡೆಸಿದ. ಹನ್ನೆರಡು ವರ್ಷಗಳ ನಂತರ ಇಬ್ಬರೂ ಮತ್ತೆ ಎದುರುಬದುರಾದರು. ಬೆನ್‌ಗೆ ಮೆಕ್ಲೆಲನ್ ಕಂಡ.