ವ್ಯಾಟಿನ ತಕ್ಕಡಿಗೆ ಕಲ್ಲು ಕಟ್ಟಬೇಡಿ!

ಸೈಕಲ್ ಹುಚ್ಚಿನ ಸಾಫ್ಟ್‌ವೇರ್ ಮಂದಿಗೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿದೆ. ಮನೆಯೊಳಗೆ ಸೈಕಲ್ಲನ್ನು ಸ್ಮಾರ್ಟ್ ಟ್ರೈನರ್‌ಗೆ ಸಿಕ್ಕಿಸಿ ಬೆವರು ಸುರಿಸ್ತಾರೆ. ಪೆಡಲಿನಲ್ಲೂ ಒಂದು ಪವರ್ ಮೀಟರ್ ಇರುತ್ತೆ. ಪೆಡಲ್ 250 ವ್ಯಾಟ್ ಅನ್ನುತ್ತೆ, ಟ್ರೈನರ್ 241 ಅನ್ನುತ್ತೆ. ಅಷ್ಟೇ, ನಿದ್ದೆ ಹಾರಿಹೋಯ್ತು! ಪೆಡಲಿನ ಆ್ಯಪ್ ತೆಗೆಯೋದು, ಅದರಲ್ಲಿ ಸ್ಕೇಲ್ ಫ್ಯಾಕ್ಟರ್ ಹುಡುಕೋದು, ಎರಡೂ ಒಂದೇ ಸಂಖ್ಯೆ ತೋರಿಸುವವರೆಗೂ ತಿರುಚೋದು... ಕೊನೆಗೆ "ಮ್ಯಾಚ್ ಆಯ್ತು ಗುರು!" ಅಂತ ಬೀಗೋದು.

ಏನು ಮ್ಯಾಚ್ ಆಯ್ತು ಸ್ವಾಮಿ? ಅಂಗಡಿಯವನು ತಕ್ಕಡಿಗೆ ಕಲ್ಲು ಕಟ್ಟಿದರೆ ಬೀದಿಯಲ್ಲಿ ನಿಂತು ಜಗಳ ಆಡ್ತೀವಿ. ನಾವೇ ನಮ್ಮ ತಕ್ಕಡಿಗೆ ಕಟ್ಟಿಕೊಂಡರೆ ಅದಕ್ಕೆ "ಕ್ಯಾಲಿಬ್ರೇಷನ್" ಅಂತ ಹೆಸರು!

ಸೈಕಲ್ ಸಹವಾಸ ಇಲ್ಲದ ಬ್ಲಾಗಿಗರಿಗಾಗಿ ಸ್ವಲ್ಪ ಹಿನ್ನೆಲೆ. ಪವರ್ ಮೀಟರ್ ಅಂದ್ರೆ ನಿಮ್ಮ ಕಾಲು ಎಷ್ಟು ಶಕ್ತಿ ಹಾಕ್ತಿದೆ ಅಂತ ವ್ಯಾಟ್‌ನಲ್ಲಿ ಅಳೆಯುವ ಸಾಧನ. ಜರ್ಮನಿಯ ಉಲ್ರಿಕ್ ಶೋಬರರ್ 1986ರಲ್ಲಿ ಶುರು ಮಾಡಿದ ಕೆಲಸ ಇದು. ಆತ ಅಳೆದದ್ದು ಕ್ರ್ಯಾಂಕ್‌ನಲ್ಲಿ. ಆಮೇಲೆ ಪೆಡಲಿಗೂ ಬಂತು. ಪೆಡಲಿನ ಮೀಟರ್ ನಿಮ್ಮ ಪಾದ ಎಷ್ಟು ಬಲವಾಗಿ ಒತ್ತುತ್ತಿದೆ, ಎಷ್ಟು ವೇಗವಾಗಿ ಸುತ್ತುತ್ತಿದೆ ಅಂತ ಅಲ್ಲೇ, ಬುಡದಲ್ಲೇ ಅಳೆಯುತ್ತೆ. ಟ್ರೈನರ್ ಕೂತಿರೋದು ಹಿಂದಿನ ಚಕ್ರದ ಜಾಗದಲ್ಲಿ. ನಿಮ್ಮ ಶಕ್ತಿ ಚೈನು, ಹಲ್ಲುಚಕ್ರ, ಪುಟ್ಟ ಗಾಲಿಗಳನ್ನೆಲ್ಲ ದಾಟಿಕೊಂಡು ಅಲ್ಲಿಗೆ ಹೋಗಬೇಕು. ದಾರಿಯಲ್ಲಿ ಇವೆಲ್ಲ ತಮ್ಮ ಕಮಿಷನ್ ಇಟ್ಟುಕೊಳ್ಳುತ್ತವೆ. ಚೈನು ಚೊಕ್ಕಟವಾಗಿದ್ದರೂ ಸಾಮಾನ್ಯವಾಗಿ ಶೇ. 2ರಿಂದ 4. ಕೊಳಕಾಗಿದ್ದರೆ ಇನ್ನೂ ಜಾಸ್ತಿ.

ಅಂದ್ರೆ ಎರಡು ಸಂಖ್ಯೆಗಳು ಬೇರೆ ಬೇರೆ ಇರಲೇಬೇಕು! ಲೆಕ್ಕ ಹಾಕಿ ನೋಡಿ. ಕಾಲು ಹಾಕಿದ್ದು 250 ವ್ಯಾಟ್, ಚೈನು ತಿಂದಿದ್ದು ಶೇ. 3 ಅಂತಿಟ್ಟುಕೊಳ್ಳಿ. ಟ್ರೈನರ್ ತಲುಪಿದ್ದು 242.5. ಪೆಡಲ್ ಶೇ. 1ರಷ್ಟು, ಟ್ರೈನರ್ ಶೇ. 2ರಷ್ಟು ಹೆಚ್ಚುಕಮ್ಮಿ ತೋರಿಸಬಹುದು ಅಂತ ತಯಾರಕರೇ ಹೇಳಿದ್ದರೆ, ಪೆಡಲ್ 247ರಿಂದ 253ರೊಳಗೆ, ಟ್ರೈನರ್ 237ರಿಂದ 248ರೊಳಗೆ ಏನು ತೋರಿಸಿದರೂ ಅದು ಸುಳ್ಳಲ್ಲ. ಅಂದ್ರೆ 15 ವ್ಯಾಟ್ ವ್ಯತ್ಯಾಸ ಇದ್ದಾಗಲೂ ಎರಡೂ ಸಾಧನ ಸರಿಯಾಗಿರಬಹುದು. ನಿಜಕ್ಕೂ ಅನುಮಾನ ಪಡಬೇಕಾದ್ದು ಟ್ರೈನರ್ ಪೆಡಲಿಗಿಂತ ಸ್ಪಷ್ಟವಾಗಿ ಹೆಚ್ಚು ತೋರಿಸಿದಾಗ. ಚೈನು ಶಕ್ತಿ ತಿನ್ನಬಹುದು, ಹೆರಲಾರದು!

"ಹತ್ತು ವ್ಯಾಟಿಗೆ ಇಷ್ಟು ರಾಮಾಯಣ ಬೇಕಾ ಮಾರಾಯ?" ಅಂತೀರಾ? ಬೇಕು. ನನ್ನ ಗೆಳೆಯನೊಬ್ಬ ಹೊರಗೆ ರಸ್ತೆಯಲ್ಲಿ ಪೆಡಲ್ ಮೀಟರ್ ನೋಡಿಕೊಂಡು ತನ್ನ ಎಫ್‌ಟಿಪಿ ಕಂಡುಕೊಂಡ. (ಸುಮಾರು ಒಂದು ಗಂಟೆ ಒಂದೇ ಸಮನೆ ತಡೆದುಕೊಳ್ಳಬಲ್ಲ ವ್ಯಾಟ್ ಅಂತಿಟ್ಟುಕೊಳ್ಳಿ.) 250 ಬಂತು. ಒಳಗೆ ಬಂದು ಟ್ರೈನರ್‌ಗೆ 250 ಅಂತ ಹೇಳಿದ. ಟ್ರೈನರ್ ಪೆಡಲಿಗಿಂತ ಶೇ. 4 ಕಮ್ಮಿ ತೋರಿಸ್ತಿತ್ತು. ಅದು 250 ಅನ್ನುವಾಗ ಇವನ ಕಾಲು ಹಾಕ್ತಿದ್ದದ್ದು 260. ಇಪ್ಪತ್ತಿಪ್ಪತ್ತು ನಿಮಿಷದ ಎರಡು ಸುತ್ತಿನಲ್ಲಿ ಎರಡನೆಯದು ಒಂದು ದಿನವೂ ಮುಗೀಲಿಲ್ಲ. "ನನ್ನ ಕೈಲಿ ಆಗಲ್ಲ ಕಣೋ" ಅಂತ ಟ್ರೈನರ್ ಮಾರಿಬಿಟ್ಟ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಿತ್ತು, ಇವನು ಕಾಲನ್ನು ಬೈದುಕೊಂಡ!

"ಹಾಗಾದ್ರೆ ಮ್ಯಾಚ್ ಮಾಡೋದೇ ಸರಿ ಅಂದಂಗಾಯ್ತಲ್ಲ?" ಅಂತ ಕೇಳ್ತೀರಿ. ಮಾಡಿ, ಯಾರು ಬೇಡ ಅಂದರು? ಆದರೆ ತಕ್ಕಡಿ ಮುಟ್ಟದೆ ಮಾಡಿ. ಅದಕ್ಕೆ ಪವರ್ ಮ್ಯಾಚ್ ಅನ್ನೋ ಸೌಲಭ್ಯ ಕೆಲವು ತರಬೇತಿ ತಂತ್ರಾಂಶಗಳಲ್ಲಿ ಇದೆ. ಅದು ಪೆಡಲ್ ಏನು ಹೇಳ್ತಿದೆ ಅಂತ ನೋಡಿಕೊಂಡು, ಪೆಡಲಿನಲ್ಲಿ 250 ಬರುವವರೆಗೆ ಟ್ರೈನರಿನ ಬಿಗಿಯನ್ನು ಏರಿಸಿ ಇಳಿಸಿ ಮಾಡುತ್ತೆ. ಯಾವ ಸಾಧನದ ಅಳತೆಯನ್ನೂ ತಿದ್ದಲ್ಲ. ಒಳಗೂ ಹೊರಗೂ ಒಂದೇ ತಕ್ಕಡಿ. ಆ ಸೌಲಭ್ಯ ಇಲ್ಲದಿದ್ದರೆ ಇನ್ನೂ ಸುಲಭ: ಟ್ರೈನರ್ ಮೇಲೆ ಬೇರೆ ಪರೀಕ್ಷೆ ಮಾಡಿ ಬೇರೆ ಎಫ್‌ಟಿಪಿ ಇಟ್ಟುಕೊಳ್ಳಿ.

ಸ್ಕೇಲ್ ಫ್ಯಾಕ್ಟರ್ ತಿರುಚಿದರೆ ತಪ್ಪೇನು? ಒಂದನೆಯದು, ವ್ಯತ್ಯಾಸ ಸ್ಥಿರವಲ್ಲ. ಗೇರ್ ಬದಲಾದರೆ, ಚೈನಿನ ಎಣ್ಣೆ ಒಣಗಿದರೆ, ಟ್ರೈನರ್ ಬಿಸಿಯಾದರೆ ಅದೂ ಬದಲಾಗುತ್ತೆ. ಇವತ್ತು 200 ವ್ಯಾಟಿನಲ್ಲಿ ಕೂಡಿಸಿದ ಲೆಕ್ಕ ನಾಳೆ 300ರಲ್ಲಿ ಕೂಡಲ್ಲ. ಎರಡನೆಯದು, ನಿಜವಾದ ದೋಷ ಮುಚ್ಚಿಹೋಗುತ್ತೆ. ಕ್ರ್ಯಾಂಕ್ 170 ಮಿ.ಮೀ. ಇದ್ದು ಆ್ಯಪ್‌ನಲ್ಲಿ 172.5 ಅಂತ ಇದ್ದರೆ ಸುಮಾರು ಶೇ. 1.5 ಹೆಚ್ಚು ತೋರಿಸುತ್ತೆ. ಎಡಗಾಲಿನಲ್ಲಿ ಮಾತ್ರ ಮೀಟರ್ ಇದ್ದರೆ ಅದನ್ನು ಎರಡರಿಂದ ಗುಣಿಸಿ ತೋರಿಸ್ತಾರೆ. ನಿಮ್ಮ ಎಡಗಾಲು ಶೇ. 48 ಮಾತ್ರ ದುಡಿಯೋದಾದ್ರೆ 250 ವ್ಯಾಟ್ 240 ಆಗಿ ಕಾಣುತ್ತೆ. ತುಳಿಯುವ ಮೊದಲು ಪೆಡಲಿನ ಮೇಲೆ ಭಾರ ಇಲ್ಲದಾಗ ಸೊನ್ನೆಗೆ ತರೋದನ್ನು ಮರೆತಿದ್ದರಂತೂ ಕೇಳೋದೇ ಬೇಡ. ಇದನ್ನೆಲ್ಲ ಹುಡುಕದೆ ಫ್ಯಾಕ್ಟರ್ ತಿರುಚೋದು ಅಂದ್ರೆ, ಟೆಸ್ಟ್ ಫೇಲ್ ಆದಾಗ ಕೋಡ್ ಬಿಟ್ಟು ಟೆಸ್ಟಿನ ಉತ್ತರವನ್ನೇ ತಿದ್ದಿದ ಹಾಗೆ. ಆಫೀಸಿನಲ್ಲಿ ಹಾಗೆ ಮಾಡಿದವನನ್ನು ನಾವೇ ಆಡಿಕೊಂಡು ನಗ್ತೀವಿ, ಅಲ್ವಾ?

ಇನ್ನೊಂದು ಗುಟ್ಟು ಹೇಳ್ತೀನಿ. ತಿರುಚುವವರಲ್ಲಿ ಹಲವರಿಗೆ ಸಂಖ್ಯೆಯನ್ನು ಮೇಲಕ್ಕೇರಿಸುವ ಆಸೆ! :-)  ಈ ಆಸೆ ಗೊತ್ತಿದ್ದೇ 2020ರ ಡಿಸೆಂಬರಿನಲ್ಲಿ ಮೊದಲ ಇ-ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಸ್ಪರ್ಧಿಗಳಿಗೆಲ್ಲ ಒಂದೇ ಮಾದರಿಯ ಟ್ರೈನರ್ ಕೊಟ್ಟರು, ಜೊತೆಗೆ ಎರಡನೇ ಮೀಟರಿನ ದಾಖಲೆಯನ್ನೂ ಕೇಳಿದರು. ಎರಡನೇ ಮೀಟರ್ ಇರೋದು ಮೊದಲನೆಯದಕ್ಕೆ ಸಾಕ್ಷಿಯಾಗಿ. ಸಾಕ್ಷಿಗೇ ಬಾಯಿಪಾಠ ಮಾಡಿಸಿದ ಮೇಲೆ ಆ ಸಾಕ್ಷಿಗೆ ಏನು ಬೆಲೆ?

ಹಾಗಾಗಿ ಮುಂದಿನ ಸಲ ಕೈ ಕಡಿದಾಗ ಹೀಗೆ ಮಾಡಿ. ಚೈನು ಒರೆಸಿ. ಕ್ರ್ಯಾಂಕ್ ಅಳತೆ ನೋಡಿ. ಕಾಲು ಗಂಟೆ ತುಳಿದು ಟ್ರೈನರ್ ಬೆಚ್ಚಗಾಗಲಿ, ಪೆಡಲನ್ನು ಸೊನ್ನೆಗೆ ತನ್ನಿ. ಪೆಡಲಿನದ್ದು ಒಂದರಲ್ಲಿ, ಟ್ರೈನರಿನದ್ದು ಇನ್ನೊಂದರಲ್ಲಿ ದಾಖಲಿಸಿ. 100, 150, 200, 250 ವ್ಯಾಟಿನಲ್ಲಿ ನಾಲ್ಕು ನಾಲ್ಕು ನಿಮಿಷ ತುಳಿದು ಸರಾಸರಿ ನೋಡಿ. ಕ್ಷಣಕ್ಷಣದ ಗೆರೆ ನೋಡಬೇಡಿ. ಕೆಲವು ಟ್ರೈನರ್‌ಗಳು ಆ ಗೆರೆಯನ್ನು ಇಸ್ತ್ರಿ ಹಾಕಿ ನೇರ ಮಾಡಿ ತೋರಿಸುತ್ತವೆ. ಪೆಡಲ್ ಒಂದಿಷ್ಟು ಮೇಲೆ, ಪ್ರತಿ ಹಂತದಲ್ಲೂ ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ ಇದ್ದರೆ, ಎರಡಕ್ಕೂ ಕೈ ಮುಗಿದು ತುಳಿಯೋಕೆ ಶುರು ಮಾಡಿ.

ಇಲ್ಲ, ತಿರುಚಿಯೇ ತೀರ್ತೀನಿ ಅನ್ನೋರು ಯಾಕೆ ಅಂತ ಕಾಮೆಂಟಿನಲ್ಲಿ ಬರೀರಿ. ಜಗಳಕ್ಕೆ ನಾನು ರೆಡಿ!