ಸೊನ್ನೆ ಬಿದ್ದ ಉತ್ತರ

ಕಳೆದ ತಿಂಗಳು ಮ್ಹಾಪಸೆಯಲ್ಲಿ ಕನ್ನಡ ಮಕ್ಕಳಿಗಾಗಿ ನಡೆದ ಲಿಖಿತ ಸ್ಪರ್ಧೆಯೊಂದರಲ್ಲಿ, ‘ಕನಗನಹಳ್ಳಿಯ ಬೌದ್ಧ ಶಿಲ್ಪಗಳನ್ನು ಮಾಡಿಸಿದವರು ಯಾರು?’ ಎಂಬ ಪ್ರಶ್ನೆಯಿತ್ತು. ‘ಅಶೋಕ ಚಕ್ರವರ್ತಿ’ ಎಂದು ಬರೆದವರಿಗೆಲ್ಲ ಎರಡಂಕ ದೊರೆಯಿತು. ‘ಜನರು ಪಟ್ಟಿ ಎತ್ತಿ ಕೊಟ್ಟರು, ಕಲ್ಲುಕುಟಿಗರು ಕೆತ್ತಿದರು’ ಎಂದು ಬರೆದ ಐದನೆಯ ತರಗತಿಯ ಬಾಲಿಕೆಗೆ ಸೊನ್ನೆ. ಕಾರಣ ಕೇಳಲು ಹೋದ ನಮಗೆ ಪರೀಕ್ಷಕ ಮಹಾಶಯರು, ‘ರಾಜಾಶ್ರಯವಿಲ್ಲದೆ ಇಂಥ ಕಲೆ ಹುಟ್ಟೀತೇ ಮಾಸ್ತರೆ?’ ಎಂದು ನಕ್ಕರು. ಆ ನಗೆಗೆ ಅಲ್ಲಿಯೇ ಉತ್ತರ ಕೊಡಲು ನಮಗೆ ತೋಚಲಿಲ್ಲ. ಈಗ ಕೊಡುತ್ತಿದ್ದೇವೆ.

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ತೀರದ ಸನ್ನತಿಗೆ ಹೊಂದಿಕೊಂಡು ಕನಗನಹಳ್ಳಿಯಿದೆ. ಪುರಾತತ್ತ್ವ ಇಲಾಖೆಯವರು 1994ರಿಂದ ಕೆಲವು ವರ್ಷ ಅಲ್ಲಿ ಅಗೆದಾಗ ಮಹಾಸ್ತೂಪವೊಂದು ಬೆಳಕಿಗೆ ಬಂತು. ಅದರ ಸುಣ್ಣಕಲ್ಲಿನ ಕೆತ್ತನೆಯ ಫಲಕಗಳೂ ದೊರೆತವು. ಒಂದರಲ್ಲಿ ಪರಿವಾರದೊಡನೆ ನಿಂತ ಅರಸನಿದ್ದಾನೆ. ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂಬ ಹೆಸರಿದೆ. ಅಷ್ಟು ಸಾಕಾಯಿತು, ಸ್ತೂಪದ ಶಿಲ್ಪವೆಲ್ಲ ಅಶೋಕನದೆಂದು ನಮ್ಮವರು ತೀರ್ಪು ಕೊಟ್ಟುಬಿಟ್ಟರು. ಅಶೋಕನು ತೀರಿಕೊಂಡದ್ದು ಕ್ರಿ. ಪೂ. 232ರ ಸುಮಾರಿಗೆ. ಅದೇ ಸ್ತೂಪದ ಇತರ ಫಲಕಗಳಲ್ಲಿ ಚಿಮುಕ, ಸಾತಕಣಿ, ಪುಳುಮಾವಿ ಎಂಬ ಸಾತವಾಹನ ಅರಸರೂ ಹೆಸರು ಸಮೇತ ನಿಂತಿದ್ದಾರೆ. ಮೌರ್ಯರ ರಾಜ್ಯವೇ ಅಳಿದ ಎಷ್ಟೋ ಕಾಲದ ಮೇಲೆ ಹುಟ್ಟಿದ ಪುಳುಮಾವಿಯನ್ನು ಅಶೋಕನು ಮುಂದಾಗಿಯೇ ಕೆತ್ತಿಸಿದನೆ? ಪರೀಕ್ಷಕರು ಉತ್ತರಿಸಲಿ. ಆ ಶಿಲ್ಪಿ ಅಶೋಕನ ಮುಖವನ್ನು ಕಂಡವನಲ್ಲ. ಕೇಳಿದ ಕಥೆಯ ದೊರೆಯನ್ನು ಕೆತ್ತಿದವನು.

ಅರಸರು ಏನೂ ಕೊಡಲಿಲ್ಲವೆಂಬ ಹಠ ನಮಗಿಲ್ಲ. ಸಾತಕಣಿ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸಿದನೆಂದು ಫಲಕದ ಬರಹವೇ ಹೇಳುತ್ತದೆ. ಅಲ್ಲಿನ ಕಲ್ಲುಗಳ ಮೇಲೆಯೇ ಗೃಹಸ್ಥರು, ವ್ಯಾಪಾರಿಗಳು, ಹೆಂಗಸರು, ಭಿಕ್ಷು ಭಿಕ್ಷುಣಿಯರು ತಂತಮ್ಮ ದಾನವನ್ನು ಬರೆಯಿಸಿದ್ದಾರಲ್ಲ, ಅವರು ಯಾವ ಪಾಪ ಮಾಡಿದ್ದರು? ಬೆಳ್ಳಿಯ ಹೂವು ಕೊಟ್ಟವನು ಪಠ್ಯಪುಸ್ತಕಕ್ಕೆ ಬಂದ, ಕಲ್ಲು ಕೊಟ್ಟವರು ಹೊರಗುಳಿದರು.

ನಮ್ಮ ಗದಗ ಸೀಮೆಯ ಡಂಬಳಕ್ಕೆ ಬನ್ನಿ. 1095ರ ಶಾಸನ. ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ. ಬುದ್ಧ ವಿಹಾರವನ್ನು ಕಟ್ಟಿಸಿದವರೋ ಹದಿನಾರು ಮಂದಿ ಸೆಟ್ಟಿಗಳು! ಬನವಾಸಿಯ ಮಧುಕೇಶ್ವರ ಗುಡಿಯಲ್ಲಿ ಐದು ಹೆಡೆಯ ನಾಗಶಿಲೆಯಿದೆ. ನಾಗ, ಕೆರೆ, ವಿಹಾರ ಇವನ್ನು ಚುಟು ಮನೆತನದ ರಾಜಪುತ್ರಿಯೊಬ್ಬಳು ದಾನ ಮಾಡಿದಳೆಂದು ಅದರ ಪ್ರಾಕೃತ ಶಾಸನ ಹೇಳುತ್ತದೆ. ಕೊನೆಯಲ್ಲಿ ಕೆತ್ತಿದವನ ಹೆಸರು ನಟಕ ಎಂದೂ ಹೇಳುತ್ತದೆ, ಅವನ ಗುರುವನ್ನೂ ಮರೆಯುವುದಿಲ್ಲ. ಅರಮನೆಯವರಿಗೆ ಅಂದು ಆ ಹೆಸರನ್ನು ತಮ್ಮ ಹೆಸರಿನ ಜೊತೆ ಕೆತ್ತಿಸಲು ನಾಚಿಕೆಯಾಗಲಿಲ್ಲ. ಇಂದು ಅದನ್ನು ಕರಿಹಲಗೆಯ ಮೇಲೆ ಬರೆಯಲು ನಮಗೇಕೆ ಸಂಕೋಚ?

ದೊರೆಯ ಹೆಸರೊಂದೇ ಕಲ್ಲನ್ನು ಕಾಯುತ್ತದೆಂಬುದೂ ಸುಳ್ಳು. ಸನ್ನತಿಯಲ್ಲಿ ಅಶೋಕನ ನಿಜವಾದ ಶಾಸನವೇ ದೊರೆತಿದೆ. ಎಲ್ಲಿ? ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ವಿಗ್ರಹದ ಕೆಳಗೆ! ಪೀಠಕ್ಕೆಂದು ನಡುವೆ ಚೌಕವಾಗಿ ಕೊರೆದು, ಎಷ್ಟೋ ಅಕ್ಷರಗಳನ್ನು ಕಳೆದಿದ್ದರು. 1980ರ ದಶಕದಲ್ಲಿ ಮಾಡು ಕುಸಿದ ಮೇಲೆಯೇ ಅದು ಕಣ್ಣಿಗೆ ಬಿದ್ದದ್ದು.

ದೂರದ ಮಾತೇಕೆ? ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹಿಡಿಯದ ಕೋಲವಾಳದ ಮುಶೀರದಲ್ಲಿ ಪಾದ್ರಿ ಹೆನ್ರಿ ಹೆರಾಸರು 1930ರಲ್ಲಿ ಬುದ್ಧನ ಶಿಲಾಮೂರ್ತಿಯನ್ನು ಕಂಡುಹಿಡಿದರು. ಅದು ಮುಂಬಯಿಯ ಅವರ ಸಂಶೋಧನ ಸಂಸ್ಥೆಗೆ ಸೇರಿತು. ಮ್ಹಾಪಸೆಯ ಎಷ್ಟು ಮಕ್ಕಳಿಗೆ ಇದು ಗೊತ್ತು? ನಾವೂ ಎಷ್ಟೋ ವರ್ಷ ಹೇಳಲಿಲ್ಲ. ಆ ತಪ್ಪು ನಮ್ಮದು.

ಆ ಬಾಲಿಕೆಯ ತಂದೆ ಚಿತ್ತಾಪುರದ ಕಡೆಯವರು. ಇಲ್ಲಿನ ಹೊಸ ಮನೆಗಳಿಗೆ ಫರಸಿ ಹಾಸುವ ಕೆಲಸ. ಫಲಕದ ಚಿತ್ರವನ್ನು ತೋರಿಸಿದಾಗ ಆತ ಅರಸನನ್ನು ನೋಡಲಿಲ್ಲ. ಕಲ್ಲಿನ ಅಂಚನ್ನು ನೋಡಿ, ‘ಇದು ನಮ್ಮ ಕಡೀ ಕಲ್ಲ ಅದರೀ ಸರ, ಉಳಿ ಭಾಳ ಹಗುರ ಹಿಡದಾರ’ ಎಂದರು. ‘ಯಾಕೆ ಹಾಗೆ ಬರೆದೆಯಮ್ಮ?’ ಎಂದು ಮಗಳನ್ನು ಕೇಳಿದೆವು. ತಮ್ಮೂರಿನ ಗುಡಿಯನ್ನು ಜನರೇ ಪಟ್ಟಿ ಎತ್ತಿ ಕಟ್ಟಿದ್ದನ್ನು ಕಂಡಿದ್ದಳು. ಅದೂ ಹಾಗೆಯೇ ಇದ್ದೀತೆಂದುಕೊಂಡಳಂತೆ. ಪುಸ್ತಕ ಓದಿ ಬರೆದವರಿಗಿಂತ ಅವಳು ಸತ್ಯದ ಹತ್ತಿರವಿದ್ದಳು.

ಅವಳ ಉತ್ತರಪತ್ರಿಕೆಯ ಪ್ರತಿ ನಮ್ಮಲ್ಲಿದೆ. ಬಹುಮಾನ ವಿತರಣೆಗೆ ಇನ್ನೂ ಎರಡು ವಾರವಿದೆ. ಪರೀಕ್ಷಕರು ಆ ಎರಡಂಕವನ್ನು ಅಷ್ಟರೊಳಗೆ ಕೊಡಬೇಕು. ಕೊಡಲಾರೆವೆಂದರೆ, ಕಾರಣವನ್ನು ಇದೇ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ತಮ್ಮ ಸಹಿಯೊಡನೆ ಬರೆಯಲಿ.